ಕೊಸರು ಹಾಕದ ಕಂಪೌಂಡರ್

"ಈಟಂದ್ರ ಎಷ್ಟು?"

ಅವರನ್ನು ನೆನೆದರೆ ಮೊದಲು ಕೇಳಿಸುವುದು ಈ ಪ್ರಶ್ನೆ. ಔಷಧದ ಕಿಟಕಿಗೆ ಬಂದು ಯಾರಾದರೂ "ಒಂದೀಟು ಜ್ವರ ಬಂದಾವ್ರಿ" ಎಂದರೆ ಸಾಕು, ಒಳಗಿನಿಂದ ಅದು ಬರುತ್ತಿತ್ತು. ಹೊಟ್ಟೆ ಒಂದೀಟು ನೋಯುತ್ತದೆ ಎಂದರೂ ಅದೇ. ಚಹಾಕ್ಕೆ ಇನ್ನೊಂದೀಟು ಸಕ್ಕರೆ ಹಾಕಲೇ ಎಂದು ನಾನು ಕೇಳಿದರೂ ಅದೇ. "ಈಟಂದ್ರ ಎಷ್ಟು? ಚಮಚದ ಲೆಕ್ಕ ಹೇಳ್ರಿ ತಂಗೆಮ್ಮ."

ಹೋದ ತಿಂಗಳು ಅವರು ರಂಗಂಪೇಟೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ಮಗಳು ಫೋನು ಮಾಡಿ, "ಅಬ್ಬಾ ಹೋದ್ರು ಅಮ್ಮಾ" ಎಂದಳು. ನನಗೆ ದುಃಖಕ್ಕಿಂತ ಮೊದಲು ಬಂದದ್ದು ಒಂದು ಅನುಮಾನ. ಅವರ ಮೇಲೆ ಅರ್ಜಿ ಬರೆದವಳು ನಾನೇ ಎಂದು ಅವರಿಗೆ ಗೊತ್ತಿತ್ತೋ, ಇಲ್ಲವೋ? ನಾನಾಗಿ ಹೇಳಿರಲಿಲ್ಲ. ಅವರಾಗಿ ಕೇಳಿರಲಿಲ್ಲ. ಈಗ ಹೇಳುವುದಕ್ಕೂ ಯಾರಿಲ್ಲ.

ನಾನು ಅವರನ್ನು ಕಂಡದ್ದು ಶಹಾಪುರದ ಹತ್ತಿರದ ಒಂದು ಸಣ್ಣ ಸರಕಾರಿ ದವಾಖಾನೆಯಲ್ಲಿ. ಊರಿನ ಹೆಸರು ಬೇಡ. ನನ್ನ ಗಂಡ ಅಲ್ಲಿ ವಾರ್ಡಿನ ಕೆಲಸಕ್ಕಿದ್ದರು. ಗಂಡ ತೀರಿಕೊಂಡ ಮೇಲೆ ಎಸ್ಸೆಸ್ಸೆಲ್ಸಿ ಆಗಿದ್ದ ನನಗೆ ಔಷಧದ ಕೋಣೆಯಲ್ಲಿ ಕಸ ಹೊಡೆಯುವ, ಬಾಟಲಿ ತೊಳೆಯುವ ಕೆಲಸ ಸಿಕ್ಕಿತು. ಮಗಳಿಗೆ ಆಗ ಎರಡು ವರ್ಷ. ಮೊದಲ ದಿನವೇ ಕಂಪೌಂಡರ್ ಸಾಹೇಬರು ನೀರು ತುಂಬಿ, ಕಾಗದದ ಪಟ್ಟಿ ಅಂಟಿಸಿದ ಒಂದು ಬಾಟಲಿಯನ್ನೂ ಒಂದು ಗಾಜಿನ ಲೋಟವನ್ನೂ ನನ್ನ ಮುಂದೆ ಇಟ್ಟರು.

"ಒಂದು ಡೋಸ್ ಹಾಕ್ರಿ ನೋಡೋಣ."

ಆಗಿನ ಕಾಲಕ್ಕೆ ಔಷಧ ದೊಡ್ಡ ಜಾಡಿಯಲ್ಲಿ ಇರುತ್ತಿತ್ತು. ಜನ ಮನೆಯಿಂದ ಬಾಟಲಿ ತರುತ್ತಿದ್ದರು. ಓದು ಬಾರದವರೇ ಹೆಚ್ಚು. ಅವರಿಗಾಗಿ ಕಂಪೌಂಡರ್ ಕಾಗದದ ಉದ್ದ ಪಟ್ಟಿಯನ್ನು ಬೀಸಣಿಗೆಯಂತೆ ಮಡಚಿ ಅಂಚಿಗೆ ಕತ್ತರಿ ಹಾಕುತ್ತಿದ್ದರು. ಬಿಡಿಸಿದರೆ ಒಂದರ ಕೆಳಗೊಂದು ಕಚ್ಚು. ಅದನ್ನು ಬಾಟಲಿಗೆ ಅಂಟಿಸಿದರೆ ಮುಗಿಯಿತು, ಮುಂಜಾನೆ ಒಂದು ಕಚ್ಚು, ಸಂಜೆಗೆ ಒಂದು ಕಚ್ಚು. ಕೈಬೆರಳು ಇಟ್ಟರೆ ಕುರುಡರಿಗೂ ತಿಳಿಯಬೇಕು. ಯಾವ ಮನೆಯವರು ಹೊಸದಾಗಿ ಬಾಟಲಿ ತಂದರೂ ಮೊದಲು ಹೀಗೆ ನೀರು ಹಾಕಿಸಿ ನೋಡುತ್ತಿದ್ದರು.

ನಾನು ಒಂದು ಕಚ್ಚಿನಷ್ಟು ನೀರು ಸುರಿದೆ. ಸುರಿದು, ಬಾಟಲಿ ಎತ್ತುವ ಮೊದಲು ಸುಮ್ಮನೆ ಇನ್ನೊಂದು ಸಲ ಬಾಗಿಸಿದೆ. ಹಾಲು ಅಳೆದ ಮೇಲೆ, ಎಣ್ಣೆ ಅಳೆದ ಮೇಲೆ, ಮೇಲೊಂದಿಷ್ಟು ಕೊಸರು ಹಾಕದ ಕೈ ನಮ್ಮ ಕಡೆ ಇಲ್ಲ. ಸಾಹೇಬರು ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು. ಮೇಜಿನ ಖಾನೆಯಿಂದ ಒಂದು ನೋಟುಬುಕ್ಕು ತೆಗೆದು ಏನೋ ಬರೆದು, ಖಾನೆಗೆ ಬೀಗ ಹಾಕಿದರು. ನನ್ನ ಅನುಮಾನ ಶುರುವಾದದ್ದು ಆ ಬೀಗದಿಂದ.

ಅವರು ಎತ್ತರದ ಮನುಷ್ಯ. ಬಿಳಿ ಕೋಟಿನ ತೋಳಿನ ಮೇಲೆ ಅಯೋಡಿನ್ನಿನ ಕಂದು ಕಲೆ. ಮನೆಯಲ್ಲಿ ದಖನಿ ಉರ್ದು, ಕಿಟಕಿಯಲ್ಲಿ ನಮ್ಮ ಕನ್ನಡ, ಒಬ್ಬರೇ ಇದ್ದಾಗ ಇಂಗ್ಲಿಷು. ಒಬ್ಬ ಡಾಕ್ಟರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ದಪ್ಪ ಇಂಗ್ಲಿಷ್ ನಿಘಂಟು ಅವರ ಬಳಿ ಇತ್ತು. ಎ, ಬಿ, ಸಿ ಮೂರು ಅಕ್ಷರಗಳ ಪುಟಗಳನ್ನು ಗೆದ್ದಲು ತಿಂದಿತ್ತು. ಮಧ್ಯಾಹ್ನ ಕಿಟಕಿ ಮುಚ್ಚಿದ ಮೇಲೆ ಅವರು ಅದನ್ನು ತೆರೆದು, ಸಣ್ಣ ಅಳತೆಯ ಮಾತುಗಳನ್ನಷ್ಟೇ ಹುಡುಕುತ್ತಿದ್ದರು. ಬೇರೆ ಯಾವ ಮಾತೂ ಅವರಿಗೆ ಬೇಕಿರಲಿಲ್ಲ.

"ಡ್ರಾಮ್ ಅಂದ್ರ ಏನ್ ತಿಳದೀರಿ ತಂಗೆಮ್ಮ? ಗ್ರೀಕರ ದೇಶದಾಗ ಒಂದು ಮುಷ್ಟಿ. ಯಾರ ಮುಷ್ಟಿ? ನಿಮ್ಮದೋ, ಪೈಲವಾನಂದೋ? ಅಲ್ಲೇ ನೋಡ್ರಿ ಮೋಸ."

"ಗ್ರೇನ್ ಅಂದ್ರ ಕಾಳು. ಯಾವ ಹೊಲದ ಕಾಳು? ಹತ್ತಿಕುಣಿ ಕೆರಿ ನೀರು ಕುಡದ ಕಾಳೋ, ಮಳಿ ಕಾಣದ ಕಾಳೋ?"

ಸ್ಕ್ರೂಪಲ್ ಎಂಬ ತೂಕ ಚಪ್ಪಲಿಯೊಳಗೆ ಸೇರಿಕೊಂಡ ಚೂಪು ಹರಳಿನಿಂದ ಬಂತಂತೆ. ಐಯೋಟ ಎಂಬುದು ಗ್ರೀಕರ ಎಲ್ಲಕ್ಕಿಂತ ಸಣ್ಣ ಅಕ್ಷರವಂತೆ. ಒಮ್ಮೆ ನಾನು, "ಬಿಟ್ ಅಂತಾರಲ್ರಿ ಡಾಕ್ಟರು, ಅದು ಎಲ್ಲಿಂದ ಬಂತ್ರಿ?" ಎಂದು ಕೇಳಿದೆ. ಅವರು ನಿಘಂಟಿನ ಹರಿದ ಬೆನ್ನು ತೋರಿಸಿ, "ಅದು ನನಗ ಗೊತ್ತಿಲ್ಲ, ಗೆದ್ದಲಿಗೆ ಗೊತ್ತು" ಎಂದರು. ನಗಲಿಲ್ಲ. ಅವರು ನಗುವುದು ಕಡಿಮೆ.

ಹನಿಯ ಮೇಲಂತೂ ಅವರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಡಾಕ್ಟರು ಚೀಟಿಯಲ್ಲಿ "ಹತ್ತು ಹನಿ" ಎಂದು ಬರೆದರೆ ಅದನ್ನು ತಿರುಗಿಸಿ ಒಳಗೆ ಕಳಿಸುತ್ತಿದ್ದರು. ಒಂದು ದಿನ ಗಾಜಿನ ಹಾಳೆಯ ಮೇಲೆ ಒಂದೇ ಡ್ರಾಪರಿನಿಂದ ನೀರಿನ ಒಂದು ಹನಿ, ಸ್ಪಿರಿಟ್ಟಿನ ಒಂದು ಹನಿ, ಎಣ್ಣೆಯ ಒಂದು ಹನಿ ಬಿಟ್ಟು ನನ್ನನ್ನು ಕರೆದರು.

"ಮೂರೂ ಒಂದೇ ಅವೇನು?"

ಇರಲಿಲ್ಲ. ನೀರಿನ ಹನಿ ದಪ್ಪ, ಸ್ಪಿರಿಟ್ಟಿನದು ಅದರ ಅರ್ಧವೂ ಇಲ್ಲ.

"ಡ್ರಾಪರ್ ಓರಿ ಮಾಡಿದ್ರ ಒಂದು ಹನಿ, ನೆಟ್ಟಗ ಹಿಡದ್ರ ಇನ್ನೊಂದು ಹನಿ. ಹನಿ ಅಂಬೋದು ಖರೆ ಹೇಳಂಗಿಲ್ಲ. ಅದಕ್ಕಂತ ಬಿಳಿ ಮಂದಿ ಮಿನಿಮ್ ಅಂತ ಅಳತಿ ಮಾಡಿದ್ರು. ಲ್ಯಾಟಿನ್ನಾಗ ಎಲ್ಲಕ್ಕಿಂತ ಸಣ್ಣದು ಅಂತ. ಗೀಟು ಹಾಕಿದ ಗ್ಲಾಸಿನಾಗ ನೋಡೇ ಹಾಕಬೇಕು. ಎಣಿಸಾಂಗಿಲ್ಲ."

ಇಷ್ಟು ಕಟ್ಟುನಿಟ್ಟಿನ ಮನುಷ್ಯ ನನ್ನ ಬಾಟಲಿಗೆ ಕಡಿಮೆ ಹಾಕುತ್ತಿದ್ದರು.

ಮಗಳಿಗೆ ನಾಲ್ಕು ತುಂಬಿದಾಗಿನಿಂದ ಹೊಟ್ಟೆನೋವು. ಮಂಡಿ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದಳು. ಡಾಕ್ಟರು ಬರೆದ ಔಷಧದಲ್ಲಿ ಸೋಂಪಿನ ನೀರಿನ ಜೊತೆ ಒಂದು ಟಿಂಕ್ಚರ್ ಇತ್ತು. ನೋವು ಹಿಡಿದು ನಿಲ್ಲಿಸುವಂಥದ್ದು. ಹೆಚ್ಚಾದರೆ ವಿಷ. ಪ್ರತಿ ಸಲ ನಾಲ್ಕು ಔನ್ಸು ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಆದರೆ ನನ್ನ ಬಾಟಲಿಯಲ್ಲಿ ಕಚ್ಚುಗಳು ಒತ್ತೊತ್ತಾಗಿ ಇರುತ್ತಿದ್ದವು. ಔಷಧ ಬಾಟಲಿಯ ಭುಜ ಮುಟ್ಟುವ ಮೊದಲೇ ನಿಲ್ಲುತ್ತಿತ್ತು. ನನ್ನ ಹಿಂದೆ ನಿಂತ ಮೇಷ್ಟರ ಹೆಂಡತಿಯ ಬಾಟಲಿ ನೋಡಿದರೆ ಭುಜದವರೆಗೂ ತುಂಬಿ, ಕಚ್ಚುಗಳು ಬಿಡಿಬಿಡಿಯಾಗಿ ಇರುತ್ತಿದ್ದವು.

"ಸಾಹೇಬ್ರ, ನಂದು ಕಡಿಮಿ ಕಾಣಾಕತ್ತೈತಿ ನೋಡ್ರಿ. ಮ್ಯಾಲ ಒಂದೀಟು ಕೊಸರು ಹಾಕ್ರಿ."

"ಔಷಧಕ್ಕ ಕೊಸರಿಲ್ಲ."

"ಹಾಲಿನವ ಹಾಕ್ತಾನ, ಎಣ್ಣಿಯವ ಹಾಕ್ತಾನ, ನಿಮ್ಮದೇನ್ರಿ ಮನಿಗಂಟು ಹೋಗೋದು? ಕೊಸರಿಲ್ಲಂದ್ರ ಬರಕತ್ ಹ್ಯಾಂಗ ಬರ್ತದ?"

ಸಾಲಿನಲ್ಲಿದ್ದವರು ನಕ್ಕರು. ಅವರು ಬಾಟಲಿಯ ಬಿರಡೆ ಒತ್ತಿ ನನ್ನ ಕೈಗೆ ಕೊಟ್ಟು, "ಮುಂದಿನವರು ಬರ್ರಿ" ಎಂದರು. ಅವರದೇ ಕೋಣೆಯಲ್ಲಿ ದಿನವಿಡೀ ಬಾಟಲಿ ತೊಳೆಯುವವಳ ಕೂಸಿಗೆ ಕಡಿಮೆ ಹಾಕುವ ಕೈ ಎಂಥದು ಎಂದು ನನ್ನ ಹೊಟ್ಟೆ ಉರಿಯಿತು.

ಆಮೇಲೆ ನಾನು ಅವರನ್ನು ಕಾಯತೊಡಗಿದೆ. ಕಸ ಗುಡಿಸುತ್ತ ಕಣ್ಣು ಅವರ ಕೈ ಮೇಲೆ. ಸಂಜೆ ಕಿಟಕಿ ಮುಚ್ಚಿದ ಮೇಲೆ ಜಾಡಿಯಲ್ಲಿ ಉಳಿದದ್ದನ್ನು ಒಂದು ಬಾಟಲಿಗೆ ಬಗ್ಗಿಸಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಉಳಿಯುವುದು ಹೇಗೆ? ಎಲ್ಲರಿಗೂ ಬರೆದಷ್ಟು ಕೊಟ್ಟರೆ ಉಳಿಯಬಾರದು. ಇದು ಎಲ್ಲೋ ಹೊರಗಿನ ಅಂಗಡಿಗೆ ಹೋಗುತ್ತದೆ ಎಂದುಕೊಂಡೆ. ಒಂದು ದಿನ ಅವರು ಖಾನೆಗೆ ಬೀಗ ಹಾಕದೆ ನಮಾಜಿಗೆ ಹೋದರು. ನಾನು ನೋಟುಬುಕ್ಕು ತೆಗೆದೆ. ಊರಿನ ಮನೆಮನೆಯ ಹೆಸರು, ಪ್ರತಿ ಹೆಸರಿನ ಮುಂದೆ ಒಂದೊಂದು ಇಂಗ್ಲಿಷ್ ಮಾತು. ಟ್ಯಾಡ್. ಡ್ಯಾಶ್. ಸ್ಮಿಜೆನ್. ನನ್ನ ಹೆಸರಿನ ಮುಂದೆ ಡಾಲಪ್. ಕೆಲವರ ಮುಂದೆ ಏನೂ ಇಲ್ಲ. ಮೇಷ್ಟರ ಹೆಂಡತಿಯ ಮುಂದೆ ಏನೂ ಇರಲಿಲ್ಲ.

ಕಳ್ಳ ವ್ಯವಹಾರದ ಗುಟ್ಟಿನ ಭಾಷೆ ಇದೇ ಎಂದು ನನಗೆ ಖಾತ್ರಿಯಾಯಿತು. ಆ ರಾತ್ರಿಯೇ ಮಗಳ ಪಾಟಿಯ ಮೇಲೆ ಕಾಗದ ಇಟ್ಟುಕೊಂಡು ಮೇಲಿನ ಅಧಿಕಾರಿಗೆ ಅರ್ಜಿ ಬರೆದೆ. ಮಕ್ಕಳ ಬಾಟಲಿಯಲ್ಲಿ ಒಂದೂವರೆ ಔನ್ಸು ಕದಿಯುತ್ತಾರೆ, ಮೇಜಿನ ಖಾನೆಯಲ್ಲಿ ಗುಟ್ಟಿನ ಬುಕ್ಕು ಇದೆ, ಕಪಾಟು ತೆಗೆಸಿ ನೋಡಿರಿ. ಹೆಸರು ಹಾಕಲಿಲ್ಲ.

ಯಾದಗಿರಿಯಿಂದ ಅಧಿಕಾರಿ ಬಂದು, ಅರ್ಜಿಯನ್ನು ಸಾಹೇಬರ ಮುಂದೆ ಓದಿದರು. ಕಪಾಟು ತೆಗೆಸಿದರು. ಒಳಗೆ ಬಾಟಲಿಗಳು ಸಾಲಾಗಿ ಇದ್ದವು. ಮೊಹರು ಮಾಡಿ, ಪ್ರತಿಯೊಂದಕ್ಕೂ "ಉಳಿದದ್ದು" ಎಂದು ಚೀಟಿ ಅಂಟಿಸಿತ್ತು. ಒಂದು ಹನಿಯೂ ಹೊರಗೆ ಹೋಗಿರಲಿಲ್ಲ. ಅಧಿಕಾರಿ ನೋಟುಬುಕ್ಕು ತೆರೆದು ಕುಳಿತರು. ನಾನು ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದೆ.

"ಇದೇನ್ರಿ, ಡಾಲಪ್?"

"ಹೊಲದಾಗ ಅಲ್ಲಲ್ಲಿ ಗುಂಪುಗುಂಪಾಗಿ ಬೆಳೆಯೋ ಹುಲ್ಲು, ಸಾಹೇಬ್ರ. ಮೊದಲ ಹಂಗಿತ್ತು. ಆಮ್ಯಾಲ ಮುದ್ದಿ ಮುದ್ದಿ ಹಾಕಿದ್ದಕ್ಕೆಲ್ಲಾ ಹಂಗಂದ್ರು."

"ಟ್ಯಾಡ್?"

"ಕಪ್ಪಿಮರಿಯಿಂದ ಬಂದಿರಬೇಕ್ರಿ. ಖಾತ್ರಿ ಇಲ್ಲ."

"ಕುಂಬಾರ ಓಣಿ ಮುದುಕಿ ಹೆಸರಿನ ಮುಂದ ಕಪ್ಪಿಮರಿ ಅಂತ ಯಾಕ ಬರದೀರಿ?"

"ಸಣ್ಣದಕ್ಕ ಹಂಗಂತಾರ್ರಿ."

"ಈ ಸ್ಮಿಜೆನ್?"

"ಅದರ ಮೂಲ ಯಾರಿಗೂ ಗೊತ್ತಿಲ್ಲ, ಸಾಹೇಬ್ರ."

"ಬರದವರು ನೀವು! ನಿಮಗರ ಗೊತ್ತಿರಬೇಕಲ್ಲ!"

ಡಾಕ್ಟರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಅಧಿಕಾರಿ ನಗಲಿಲ್ಲ. ಬರೆದದ್ದಕ್ಕಿಂತ ಕಡಿಮೆ ಯಾಕೆ ಕೊಟ್ಟಿರಿ ಎಂದು ಮೂರು ಸಲ ಕೇಳಿದರು. ಸಾಹೇಬರು ಒಮ್ಮೆ ಬಾಗಿಲ ಕಡೆ ನೋಡಿದರು. ಅಲ್ಲಿ ನಾನಿದ್ದೆ, ನನ್ನ ಹಿಂದೆ ಅರ್ಧ ಊರು ಇತ್ತು. "ನನ್ನ ತಪ್ಪು ಅಂತ ಬರ್ಕೋರಿ" ಎಂದರು.

"ಕಳ್ಳ ಅಂತ ಬರಿಯಾಕೂ ಬರಂಗಿಲ್ಲ, ಅಲ್ಲ ಅಂತ ಬರಿಯಾಕೂ ಬರಂಗಿಲ್ಲ. ಎಂಥಾ ಮನುಷ್ಯಾರ್ರಿ ನೀವು" ಎಂದು ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು.

ಹದಿನೈದು ದಿನಕ್ಕೆ ಅವರನ್ನು ಕೊಡೇಕಲ್ ಕಡೆಗೆ ವರ್ಗ ಮಾಡಿದರು. ಊರಲ್ಲಿ ಅವರಿಗೆ ಔಷಧಗಳ್ಳ ಎಂಬ ಹೆಸರು ಉಳಿಯಿತು. ಹೋಗುವ ದಿನ ನನಗೆ ಕತ್ತರಿಯನ್ನೂ ಅಂಟಿನ ಡಬ್ಬಿಯನ್ನೂ ಒಪ್ಪಿಸಿ, ನಿಘಂಟನ್ನು ಬಗಲಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದರು.

ಅವರ ಜಾಗಕ್ಕೆ ಬಂದವರು ನಗುಮುಖದವರು. ನೀರಿನ ಪರೀಕ್ಷೆಯಿಲ್ಲ, ಬುಕ್ಕಿಲ್ಲ. ಎಲ್ಲರಿಗೂ ಒಂದೇ ಪಟ್ಟಿ, ಭುಜದವರೆಗೆ ಔಷಧ. ಮೊದಲ ಸಲ ತುಂಬಿದ ಬಾಟಲಿ ಮನೆಗೆ ತಂದಾಗ ಗೆದ್ದೆ ಅನ್ನಿಸಿತು. ಮಗಳಿಗೆ ನೋವು ಜೋರಾಗಿತ್ತು. ಒಂದು ಕಚ್ಚು ಸುರಿದು, ಮೇಲೆ ಕೊಸರು ಹಾಕಿದೆ. ಇನ್ನೂ ಅಳುತ್ತಿದ್ದಳು, ಇನ್ನೊಂದು ಕೊಸರು ಹಾಕಿದೆ. ಎರಡು ದಿನ ಹಾಗೇ ಕುಡಿಸಿದೆ.

ಮೂರನೆಯ ದಿನ ಮಧ್ಯಾಹ್ನ ಅವಳ ಮುಖ ಕೆಂಡದಂತಾಯಿತು. ಬಾಯಿ ಒಣಗಿತು. ಕಣ್ಣಿನ ಪಾಪೆ ಅಗಲವಾಗಿ, ನನ್ನನ್ನೇ ನೋಡುತ್ತ ನನ್ನ ಗುರುತು ಹಿಡಿಯದೆ, ಗೋಡೆಯ ಮೇಲೆ ಇರುವೆ ಸಾಲು ಹೊಂಟಾವ ಎಂದು ಕೈಯಿಂದ ಗಾಳಿಯಲ್ಲಿ ಹಿಡಿಯತೊಡಗಿದಳು. ಎತ್ತಿಕೊಂಡು ಓಡಿದೆ. ಡಾಕ್ಟರು ಹೊಟ್ಟೆ ತೊಳೆಸಿದರು. ಸಂಜೆಯ ಹೊತ್ತಿಗೆ ಅವಳು ನನ್ನನ್ನು "ಅವ್ವಾ" ಎಂದಳು.

"ಎಷ್ಟ್ ಹಾಕಿದ್ರಿ?" ಎಂದು ಡಾಕ್ಟರು ಕೇಳಿದರು.

"ಒಂದು ಕಚ್ಚು ಹಾಕೀನ್ರಿ. ಮ್ಯಾಲ ಒಂದೀಟು."

ಈಟೆಂದರೆ ಎಷ್ಟು ಎಂದು ಡಾಕ್ಟರು ಕೇಳಲಿಲ್ಲ. ಕೇಳುವವರನ್ನು ನಾನು ಊರು ಬಿಡಿಸಿದ್ದೆ.

ಆ ರಾತ್ರಿ ಮಗಳ ಪಕ್ಕದಲ್ಲಿ ಕುಳಿತಾಗ ಮೊದಲ ದಿನದ ನೀರಿನ ಲೋಟ ಕಣ್ಣ ಮುಂದೆ ಬಂತು. ನೋಟುಬುಕ್ಕಿನ ಹೆಸರುಗಳು ಬಂದವು. ಯಾರ ಕೈ ಎಷ್ಟು ಕೊಸರು ಹಾಕುತ್ತದೆ ಎಂದು ನೋಡಿ, ಅದಕ್ಕೊಂದು ಮಾತು ಇಟ್ಟು, ಅಷ್ಟನ್ನು ಮೊದಲೇ ಕಡಿಮೆ ಮಾಡಿ ಕಳಿಸುತ್ತಿದ್ದರು. ಕೊಸರು ಬಿದ್ದ ಮೇಲೆ ಡೋಸು ಸರಿಹೋಗುತ್ತಿತ್ತು. ಮೇಷ್ಟರ ಹೆಂಡತಿ ಗೀಟಿಗೆ ನಿಲ್ಲಿಸುವವಳು. ಅವಳಿಗೆ ಪೂರಾ.

ಮಗಳು ಚೇತರಿಸಿಕೊಂಡ ಮೇಲೆ ನಾನು ಕೊಡೇಕಲ್ ಬಸ್ಸು ಹತ್ತಿದೆ. ಹುಣ್ಣಿಮೆಗೆ ಹೊರಟ ಭಕ್ತರ ನಡುವೆ ನಿಂತುಕೊಂಡೇ ಹೋದೆ. ಹೇಳಬೇಕೆಂದೇ ಹೋದೆ. ಅವರು ಹೊಸ ಕಿಟಕಿಯ ಹಿಂದೆ ಅದೇ ಕೋಟಿನಲ್ಲಿ ಇದ್ದರು. ಮಗಳಿಗಾದದ್ದನ್ನು ಹೇಳಿದೆ.

"ಕೂಸು ಹ್ಯಾಂಗದ ಈಗ?"

"ಆರಾಮ ಅದಾಳ್ರಿ."

"ಕಣ್ಣು? ಪಾಪಿ ಸಣ್ಣದಾತ?"

"ಆತ್ರಿ."

"ಕೂಸು ಹ್ಯಾಂಗದ?" ಮತ್ತೆ ಕೇಳಿದರು. ಕುರ್ಚಿಯ ಮೇಲೆ ಕುಳಿತು, ಅಂಗೈಯಿಂದ ಮುಖ ಒರೆಸಿಕೊಂಡರು.

"ಅವತ್ತ ಯಾಕ ಹೇಳಲಿಲ್ರಿ ಸಾಹೇಬ್ರ? ಒಂದು ಮಾತು ಹೇಳಿದ್ರ ಸಾಕಿತ್ತಲ್ಲ."

"ಹೇಳಿದ್ರ ಏನಾಗ್ತಿತ್ತು? ಕಂಪೌಂಡರ್ ಕಡಿಮಿ ಹಾಕ್ತಾನ ಅಂತ ಗೊತ್ತಾದ ಮ್ಯಾಲ ಯಾರರ ಸುಮ್ಮ ಇರ್ತಾರೇನು? ಇನ್ನೊಂದು ಕೊಸರು ಹಾಕ್ತಾರ. ಆಮ್ಯಾಲ ನಾ ಇನ್ನೀಟು ಕಡಿಮಿ ಹಾಕಬೇಕು."

"ಈಟಂದ್ರ ಎಷ್ಟ್ರೀ?"

ಅದು ನನ್ನ ಬಾಯಿಂದ ಹೇಗೆ ಬಂತೋ. ಅವರು ನನ್ನನ್ನು ನೋಡಿ, ಕೆಮ್ಮು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಆರು ಡ್ರಾಮ್" ಎಂದರು. "ಡಾಲಪ್‌ನವರಿಗೆ ಆರು ಡ್ರಾಮ್ ಕಡಿಮಿ, ಅಂದ್ರ ಮುಕ್ಕಾಲು ಔನ್ಸ್. ಅರ್ಜಿ ಬರದವರು ಒಂದೂವರಿ ಔನ್ಸ್ ಅಂತ ಬರದಿದ್ರು. ನೇರ ಎರಡು ಪಟ್ಟು. ಅರ್ಜಿಗೂ ಕೊಸರು ಹಾಕಿದ್ರು ನೋಡ್ರಿ, ಯಾರೋ."

ಆ "ಯಾರೋ" ಎನ್ನುವಾಗ ಅವರು ಲೋಟ ಒರೆಸುತ್ತಿದ್ದರು. ಅವರು ತರಿಸಿಕೊಟ್ಟ ಚಹಾವನ್ನು ನಾನು ಒಂದೇ ಗುಟುಕಿಗೆ ಕುಡಿದೆ. ಅವರು ನೀರಿನ ಬಾಟಲಿ ಮುಂದಿಟ್ಟು, ಹಾಕ್ರಿ ಎಂದರು. ನಾನು ಕಚ್ಚಿಗೆ ಸರಿಯಾಗಿ ನಿಲ್ಲಿಸಿದೆ. ಕೈ ಇನ್ನೊಂದು ಸಲ ಬಾಗಲು ಹೋಯಿತು, ತಡೆದೆ. ಅವರು ಒಂದು ಕಣ್ಣು ಮುಚ್ಚಿ ನೋಡಿ, "ಇನ್ನ ನಿಮಗ ಪೂರಾ ಬಾಟ್ಲಿ ಕೊಡಬಹುದು" ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಒಂದು ಮಾತು ಹೊಳೆಯಿತು. ಅರ್ಜಿಯಲ್ಲಿ ನಾನು ಖಾನೆಯೊಳಗಿನ ಬುಕ್ಕಿನ ಬಗ್ಗೆ ಬರೆದಿದ್ದೆ. ಆ ಖಾನೆಯ ಹತ್ತಿರ ಹೋಗುವವರು ಇಬ್ಬರೇ. ಅವರು ಮತ್ತು ಕಸ ಹೊಡೆಯುವ ನಾನು. ಹನಿಯನ್ನೂ ನಂಬದ ಮನುಷ್ಯ ಅಷ್ಟು ಲೆಕ್ಕ ಹಾಕದೆ ಇರುತ್ತಾರೆಯೇ? ಲೆಕ್ಕ ಹಾಕಿದ್ದರೆ ನನಗೆ ಚಹಾ ಯಾಕೆ ಕೊಟ್ಟರು? ಅಂದಿನಿಂದ ನನ್ನ ಅನುಮಾನ ಅವರ ಕೈ ಬಿಟ್ಟು ಅವರ ಸೌಮ್ಯತೆಯ ಮೇಲೆ ಕುಳಿತುಕೊಂಡಿತು. ಅವರು ನಿವೃತ್ತರಾಗಿ ರಂಗಂಪೇಟೆಗೆ ಬಂದ ಮೇಲೆ ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಮಗಳ ಮದುವೆಯ ಕಾಗದ ಕೊಟ್ಟೆ, ಮೊಮ್ಮಗನನ್ನು ಎತ್ತಿಕೊಂಡು ಹೋಗಿ ತೋರಿಸಿದೆ. ಪ್ರತಿ ಸಲವೂ ಹೇಳಬೇಕೆಂದು ಹೋಗಿ, ಒಂದು ಹೊಸ ಮಾತಿನ ಮೂಲ ಕೇಳಿಕೊಂಡು ಬಂದೆ. ಕಡೆಯ ಸಲ ಹೋದಾಗ ಅವರು ಮಂಚ ಹಿಡಿದಿದ್ದರು. "ಜಾಟ್ ಅಂದ್ರೂ ಐಯೋಟಾನೇ ತಂಗೆಮ್ಮ. ಅದೇ ಅಕ್ಷರ, ಊರು ಬಿಟ್ಟು ಬಂದು ಹೆಸರು ಬದಲು ಮಾಡ್ಕೊಂಡದ" ಎಂದರು. ನಾನು ಎದ್ದು ಬಂದೆ.

ಅವರು ತೀರಿಕೊಂಡ ಮೂರನೆಯ ದಿನ ರಂಗಂಪೇಟೆಗೆ ಹೋದೆ. ಅವರ ಮಗಳು ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತಂದು ನನ್ನ ಮುಂದಿಟ್ಟಳು. ಅದರಲ್ಲಿ ಅವರ ಎರಡು ಔನ್ಸಿನ ಗಾಜಿನ ಲೋಟವಿತ್ತು. ಜೊತೆಗೆ ಒಂದು ಬಾಟಲಿ, ಕಾಗದದ ಕಚ್ಚುಪಟ್ಟಿ ಅಂಟಿಸಿದ್ದು. ಪಟ್ಟಿಯ ಕೆಳಗೆ ನನ್ನ ಹೆಸರು. ಹೆಸರಿನ ಮುಂದೆ ಏನೂ ಬರೆದಿರಲಿಲ್ಲ.

"ಇದೇನವ್ವ?"

"ಸೋಂಪಿನ ನೀರು, ಅಮ್ಮಾ. ಔಷಧ ಏನಿಲ್ಲ ಅದರಾಗ, ಸಕ್ರಿ ಹಾಕಿ ಕುದಿಸಿದ್ದು. ನಿಮಗೇ ಕೊಡಂತ ಅಂದಾರ. ಕೈ ನಡುಗ್ತಿದ್ವು. ಮೂರು ಸಲ ಚೆಲ್ಲಿ ಮತ್ತ ಮತ್ತ ಅಳದಾರ. ನಾ ಹಾಕ್ತೀನಿ ಅಂದ್ರ ಮುಟ್ಟಗೊಡಲಿಲ್ಲ. 'ಆಕಿ ನಂಬಂಗಿಲ್ಲ, ಅಳದು ನೋಡ್ತಾಳ' ಅಂದ್ರು."

ಬಾಟಲಿ ಭುಜ ದಾಟಿ, ಮೇಲಿನ ಕಚ್ಚು ದಾಟಿ, ಕುತ್ತಿಗೆಯವರೆಗೆ ತುಂಬಿತ್ತು.

ಮನೆಗೆ ತಂದು ಮೇಜಿನ ಮೇಲಿಟ್ಟು ಒಂದು ದಿನ ಸುಮ್ಮನೆ ನೋಡಿದೆ. ಆಮೇಲೆ ಅವರು ಹೇಳಿದ ಹಾಗೆಯೇ ಆಯಿತು, ನಂಬಲಿಲ್ಲ. ಲೋಟ ತೆಗೆದುಕೊಂಡು, ಕಣ್ಣಿನ ಮಟ್ಟಕ್ಕೆ ಹಿಡಿದು ಅಳೆದೆ. ಒಂದು ಲೋಟ, ಎರಡು ಔನ್ಸು. ಎರಡನೆಯ ಲೋಟ, ನಾಲ್ಕು ಔನ್ಸು. ನನ್ನ ಮಗಳ ಬಾಟಲಿಯ ಅಳತೆ ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಮೂರನೆಯ ಸಲ ಸುರಿದೆ. ಒಂದು ಕಣ್ಣು ಮುಚ್ಚಿ ನೋಡಿದೆ. ನೀರು ಗೀಟಿಗೆ ಸರಿಯಾಗಿ ನಿಂತಿತ್ತು. ಆರು ಡ್ರಾಮ್, ಅಂದು ನನ್ನ ಬಾಟಲಿಗೆ ಕಡಿಮೆ ಹಾಕುತ್ತಿದ್ದಷ್ಟೇ. ಹೆಚ್ಚಿಲ್ಲ, ಕಡಿಮೆಯಿಲ್ಲ.